ಟಿ-ಸ್ಕೋರ್ ಹೇಳದೆ ಬಿಡುವ ಸಂಗತಿಗಳು: ಹಿರಿಯರ ಸೊಂಟದ ಮೂಳೆ ಕಾಪಾಡಲು ಮನೆಯವರಿಗೊಂದು ಮಾರ್ಗದರ್ಶಿ

ಹನುಮಂತನಗರದಲ್ಲಿರುವ ನಮ್ಮ ಚಿಕ್ಕಮ್ಮನಿಗೆ 69 ವರ್ಷವಾಗಿದ್ದಾಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದೆವು. ತೊಡೆಮೂಳೆಯ ಕತ್ತಿನ ಟಿ-ಸ್ಕೋರ್ ಮೈನಸ್ 1.9 ಎಂದು ವರದಿ ಬಂತು. ಅದನ್ನು ನೋಡಿದವರು, "ಸ್ವಲ್ಪ ಕಡಿಮೆ ಇದೆ, ಆಸ್ಟಿಯೊಪೊರೋಸಿಸ್ ಏನಲ್ಲ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿರಿ" ಎಂದು ಹೇಳಿ ಕಳುಹಿಸಿದರು. ನಾವೂ ನೆಮ್ಮದಿಯಿಂದ ಫೈಲನ್ನು ಬೀರುವಿನೊಳಗೆ ಇಟ್ಟುಬಿಟ್ಟೆವು. ಹದಿನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಒಳಗೆ ಬರುವಾಗ ಒದ್ದೆಯಾಗಿದ್ದ ಹೊಸ್ತಿಲ ಬಳಿ ಕಾಲು ಜಾರಿ ಪಕ್ಕಕ್ಕೆ ಬಿದ್ದ ಚಿಕ್ಕಮ್ಮನಿಗೆ ತಾವಾಗಿ ಮೇಲೇಳಲು ಆಗಲಿಲ್ಲ. ಬಲಗಾಲು ಎಡಗಾಲಿಗಿಂತ ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿಕೊಂಡಂತೆ ಕಾಣುತ್ತಿತ್ತು.

ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಹಳೆಯ ಫೈಲನ್ನು ಮತ್ತೆ ಓದಿದಾಗ ನನಗೆ ಕಂಡದ್ದು ಇಷ್ಟು. ಏಳು ವರ್ಷದ ಹಿಂದೆ ಅವರ ಮಣಿಕಟ್ಟು ಮುರಿದಿತ್ತು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಅವರ ತಾಯಿ, ಅಂದರೆ ನಮ್ಮ ಅಜ್ಜಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದೇ ಹೋದವರು. ಈ ಮೂರರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಎಲ್ಲರ ಕಣ್ಣೂ ಆ ಒಂದು ಅಂಕಿಯ ಮೇಲೆಯೇ ಇತ್ತು. ಮೂಳೆ ಎಷ್ಟಿದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಮೂಳೆ ಹೇಗಿದೆ, ಆ ಮನುಷ್ಯರು ಬೀಳುವ ಸಂಭವ ಎಷ್ಟಿದೆ ಎಂಬುದನ್ನು ಬೇರೆ ಕಡೆಯಿಂದ ಕೂಡಿಸಿಕೊಳ್ಳಬೇಕು. ಹಾಗೆ ಕೂಡಿಸಿಕೊಳ್ಳುವ ಕೆಲಸವನ್ನು ಮನೆಯವರು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಔಷಧಿಯ ನಿರ್ಧಾರವಂತೂ ವೈದ್ಯರದೇ.

ಮೊದಲು ಪದಗಳನ್ನು ಬಿಡಿಸಿಕೊಳ್ಳಿ

ನಮ್ಮಲ್ಲಿ "ಮೂಳೆ ಸವೆತ" ಎಂಬ ಒಂದೇ ಮಾತನ್ನು ಎರಡು ಬೇರೆ ಕಾಯಿಲೆಗಳಿಗೆ ಬಳಸುತ್ತೇವೆ. ಮಂಡಿಯ ಕೀಲಿನ ಮೆತ್ತೆ ಸವೆದು ನೋವು ಬರುವುದು ಆರ್ಥ್ರೈಟಿಸ್. ಅದು ಪ್ರತಿ ಹೆಜ್ಜೆಗೂ ತನ್ನನ್ನು ತಾನು ನೆನಪಿಸುತ್ತಿರುತ್ತದೆ. ಮೂಳೆ ಒಳಗೊಳಗೇ ಟೊಳ್ಳಾಗುವುದು ಆಸ್ಟಿಯೊಪೊರೋಸಿಸ್. ಅದು ಮುರಿಯುವವರೆಗೂ ನೋಯುವುದಿಲ್ಲ. "ಅಮ್ಮನಿಗೆ ಮೂಳೆ ಸವೆತ ಇದೆ, ಎಣ್ಣೆ ಹಚ್ಚುತ್ತಿದ್ದೇವೆ" ಎನ್ನುವ ಮನೆಗಳಲ್ಲಿ ಎರಡನೆಯದರ ತಪಾಸಣೆ ಆಗಿರುವುದೇ ಇಲ್ಲ. ಅದೇ ರೀತಿ "ಸೊಂಟ ಮುರಿಯಿತು" ಎಂದು ನಾವು ಹೇಳುವಾಗ ಮುರಿದಿರುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ: ಸೊಂಟದ ಬಟ್ಟಲಿನೊಳಗೆ ಕೂರುವ ಗುಂಡಿನ ಕೆಳಗಿನ ಕತ್ತು, ಇಲ್ಲವೇ ಅದಕ್ಕೂ ಸ್ವಲ್ಪ ಕೆಳಗಿನ ಉಬ್ಬುಗಳ ನಡುವಿನ ಭಾಗ. ಇದು ಉಳಿದ ಮುರಿತಗಳಂತೆ ಅಲ್ಲ. ಸೊಂಟ ಮುರಿದ ಹಿರಿಯರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ಓಡಾಡುವ ಸ್ಥಿತಿಗೆ ಮರಳುವುದಿಲ್ಲ.

ಎರಡನೆಯದಾಗಿ, ಡೆಕ್ಸಾ ವರದಿಯನ್ನು ಸರಿಯಾಗಿ ಓದಿ

ಋತುಬಂಧವಾಗಿ 65 ದಾಟಿದ ಹೆಂಗಸರು, 70 ದಾಟಿದ ಗಂಡಸರು, ಹಾಗೂ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲೇ ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡವರು ಡೆಕ್ಸಾ ಮಾಡಿಸಿಕೊಳ್ಳುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಟಿ-ಸ್ಕೋರ್ ಮೈನಸ್ 1ರವರೆಗೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯಾ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಟಿ-ಸ್ಕೋರ್ ಆರೋಗ್ಯವಂತ ಯುವಜನರ ಮೂಳೆಯೊಂದಿಗೆ ಹೋಲಿಸಿದ ಅಂಕಿ. ಪಕ್ಕದಲ್ಲೇ ಇರುವ ಝಡ್-ಸ್ಕೋರ್ ಅದೇ ವಯಸ್ಸಿನವರೊಂದಿಗೆ ಹೋಲಿಸಿದ್ದು. ಎಪ್ಪತ್ತು ವರ್ಷದವರ ಝಡ್-ಸ್ಕೋರ್ ನೋಡಿ "ಎಲ್ಲ ಸರಿಯಾಗಿದೆ" ಎಂದುಕೊಳ್ಳುವುದು ಬೇಡ.

ವರದಿಯಲ್ಲಿ ಬೆನ್ನಿನ ಕೆಳಭಾಗಕ್ಕೂ ಸೊಂಟಕ್ಕೂ ಬೇರೆ ಬೇರೆ ಅಂಕಿಗಳಿರುತ್ತವೆ. ವಯಸ್ಸಾದವರ ಬೆನ್ನುಮೂಳೆಯಲ್ಲಿ ಆರ್ಥ್ರೈಟಿಸ್‌ನಿಂದ ಬೆಳೆದ ಮುಳ್ಳುಗಳೂ, ಅದರ ಮುಂದೆ ಹಾದುಹೋಗುವ ಮಹಾಪಧಮನಿಯಲ್ಲಿ ಕಟ್ಟಿದ ಸುಣ್ಣವೂ ಯಂತ್ರದ ಲೆಕ್ಕಕ್ಕೆ ಸೇರಿಕೊಳ್ಳುವುದರಿಂದ ಬೆನ್ನಿನ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸೊಂಟದ ಚಿಂತೆ ಇರುವವರು ತೊಡೆಮೂಳೆಯ ಕತ್ತು ಮತ್ತು ಒಟ್ಟು ಸೊಂಟದ ಸಾಲುಗಳನ್ನೇ ಹುಡುಕಿ ಓದಬೇಕು. ಸೊಂಟದ ಸಾಂದ್ರತೆ ಒಂದು ಮೆಟ್ಟಿಲು, ಅಂದರೆ ಟಿ-ಸ್ಕೋರಿನಲ್ಲಿ ಒಂದು ಅಂಕ, ಇಳಿದಾಗ ಸೊಂಟ ಮುರಿಯುವ ಅಪಾಯ ಸುಮಾರು ಎರಡೂವರೆ ಪಟ್ಟಾಗುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಸಂಗತಿ. ಆದ್ದರಿಂದ ಅಂಕಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಟಿ-ಸ್ಕೋರ್ ಮೈನಸ್ 2.5ರ ಗೆರೆಯನ್ನು ಮುಟ್ಟಿರುವುದಿಲ್ಲ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಉದ್ಯಾನಗಳ ಮುಂದೆ, ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ಭಾನುವಾರ ನಡೆಯುವ ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಒಂದು ಪುಟ್ಟ ಯಂತ್ರದೊಳಗೆ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದು ಅಲ್ಟ್ರಾಸೌಂಡ್, ಡೆಕ್ಸಾ ಅಲ್ಲ. ಆ ಚೀಟಿಯಲ್ಲೂ "ಟಿ-ಸ್ಕೋರ್" ಎಂದೇ ಅಚ್ಚಾಗಿರುತ್ತದೆ, ಆದರೆ ಮೈನಸ್ 2.5ರ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ. ಅದನ್ನು ನೋಡಿ ಗಾಬರಿಯಾಗುವುದೂ ಬೇಡ, ಅದರ ಬಲದ ಮೇಲೆ ಡೆಕ್ಸಾ ಬಿಡುವುದೂ ಬೇಡ.

ಮೂಳೆಯ ಗುಣ ಎಂದರೇನು

ಇದನ್ನು ತುಸು ನಿಧಾನವಾಗಿ ನೋಡೋಣ, ಏಕೆಂದರೆ ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ. ಕಟ್ಟಡ ಕಟ್ಟುವ ಕಡೆ ಸರ್ವೆ ಕಂಬಗಳನ್ನು ನಿಲ್ಲಿಸಿ, ಅಡ್ಡಕ್ಕೆ ಕಟ್ಟಿಗೆಗಳನ್ನು ಹಗ್ಗದಿಂದ ಬಿಗಿದು ಸಾರುವೆ ಕಟ್ಟುವುದನ್ನು ಬೆಂಗಳೂರಿನವರೆಲ್ಲ ನೋಡಿದ್ದಾರೆ. ಆ ಅಡ್ಡಕಟ್ಟಿಗೆಗಳಲ್ಲಿ ಒಂದು ಬಿಟ್ಟು ಒಂದನ್ನು ಕಳಚಿದರೆ ಒಟ್ಟು ಮರದ ತೂಕ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಆದರೆ ಆಸರೆಯಿಲ್ಲದ ಕಂಬದ ಉದ್ದ ಎರಡರಷ್ಟಾದಾಗ, ಅದು ಬಾಗದೆ ತಾಳಿಕೊಳ್ಳಬಲ್ಲ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಮೂಳೆಯ ಒಳಗಿರುವ ಸ್ಪಂಜಿನಂತಹ ಜಾಲರಿಯ ಕಥೆಯೂ ಅದೇ. ಡೆಕ್ಸಾ ಯಂತ್ರ ಸುಣ್ಣದ ಒಟ್ಟು ಮೊತ್ತವನ್ನು ನೆರಳಿನಂತೆ ಅಳೆಯುತ್ತದೆ, ಅಡ್ಡಪಟ್ಟಿ ಉಳಿದಿದೆಯೋ ಕಳಚಿದೆಯೋ ಎಂದು ನೋಡುವುದಿಲ್ಲ. ಅದರ ಲೆಕ್ಕ ಗಾತ್ರದ್ದಲ್ಲ, ಚದರದ್ದು. ಹಾಗಾಗಿ ಚಿಕ್ಕ ಮೈಕಟ್ಟಿನವರ ಮೂಳೆ ಇರುವುದಕ್ಕಿಂತ ಬಡವಾಗಿಯೂ ಕಾಣಬಹುದು.

ಜಾಲರಿಯ ಹೊರಗೆ ಗಟ್ಟಿ ಚಿಪ್ಪೊಂದು ಇರುತ್ತದೆ. ತೊಡೆಮೂಳೆಯ ಕತ್ತಿನ ಬಲದ ಬಹುಪಾಲನ್ನು ಹೊರುವುದು ಈ ಚಿಪ್ಪು. ಅದು ತೆಳುವಾದಾಗ, ಅದರಲ್ಲಿ ಸಣ್ಣ ರಂಧ್ರಗಳು ಹೆಚ್ಚಿದಾಗ, ಪಕ್ಕಕ್ಕೆ ಬಿದ್ದ ಪೆಟ್ಟನ್ನು ತಡೆಯಲಾರದು. ಇನ್ನು ಸುಣ್ಣವನ್ನು ಹಿಡಿದಿಟ್ಟಿರುವ ಕೊಲಾಜೆನ್ ಎಂಬ ನಾರು. ಸುಣ್ಣದಿಂದ ಗಡಸುತನ, ನಾರಿನಿಂದ ಬಾಗಿ ತಾಳಿಕೊಳ್ಳುವ ಗುಣ. ಮೂಳೆ ಸತ್ತ ಕಲ್ಲೂ ಅಲ್ಲ. ಹಳೆಯದನ್ನು ಅಗೆದು ತೆಗೆಯುವ ಕಣಗಳೂ ಹೊಸದನ್ನು ತುಂಬುವ ಕಣಗಳೂ ದಿನವೂ ಕೆಲಸ ಮಾಡುತ್ತಿದ್ದು, ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗದಷ್ಟು ಅಸ್ಥಿಪಂಜರ ಹೊಸದಾಗುತ್ತದೆ. ಋತುಬಂಧದ ನಂತರ ಈಸ್ಟ್ರೊಜೆನ್ ಇಳಿಯುವುದರಿಂದ ಅಗೆತ ತುಂಬುವುದನ್ನು ಮೀರುತ್ತದೆ. ಮೊದಲ ಐದಾರು ವರ್ಷಗಳಲ್ಲೇ ಕೆಲವರು ಐದನೇ ಒಂದು ಭಾಗದಷ್ಟು ಮೂಳೆಯನ್ನು ಕಳೆದುಕೊಳ್ಳುವುದುಂಟು.

ಸಾಂದ್ರತೆಯೇ ಬಲವಲ್ಲ ಎಂಬುದಕ್ಕೆ ನಮ್ಮ ಸುತ್ತಲಿನಲ್ಲೇ ಸಾಕ್ಷಿ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ದಶಕಗಳ ಕಾಲ ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ದಟ್ಟವಾಗಿ ಕಾಣುತ್ತದೆ. ಆದರೆ ಅದು ಗಟ್ಟಿಮುಟ್ಟಾದ ಮೂಳೆಯಲ್ಲ, ಪೆಡಸಾದ ಮೂಳೆ. ಅಮೆರಿಕದಲ್ಲಿ ಆಸ್ಟಿಯೊಪೊರೋಸಿಸ್ ಇದ್ದ ಹೆಂಗಸರಿಗೆ ಸೋಡಿಯಂ ಫ್ಲೋರೈಡನ್ನೇ ಔಷಧಿಯಾಗಿ ಕೊಟ್ಟು ನೋಡಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು: ನಾಲ್ಕು ವರ್ಷಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತು, ಬೆನ್ನನ್ನು ಬಿಟ್ಟು ಉಳಿದ ಮೂಳೆಗಳ ಮುರಿತ ಮಾತ್ರ ಔಷಧಿ ಪಡೆಯದವರಿಗಿಂತ ಹೆಚ್ಚಾಯಿತು. ಇಂತಹ ಫ್ಲೋರೈಡ್ ನೀರಿನ ಕಡೆಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಹಿರಿಯರ ಡೆಕ್ಸಾ ಅಂಕಿ ತುಂಬ ಚೆನ್ನಾಗಿದ್ದರೆ ಅವರು ಎಲ್ಲಿಯ ನೀರು ಕುಡಿದು ಬೆಳೆದವರು ಎಂಬುದನ್ನು ವೈದ್ಯರಿಗೆ ಹೇಳಿ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರನ್ನೇ ಕುಡಿಯುವವರು ಅದನ್ನು ಒಮ್ಮೆ ಪರೀಕ್ಷೆಗೆ ಕೊಡಿ; ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಸರಿ, ಬೇರೆ ನೀರಿಲ್ಲದಿದ್ದರೂ 1.5 ದಾಟಬಾರದು.

ಸಕ್ಕರೆ ಕಾಯಿಲೆಯದೂ ಇದೇ ಬಗೆಯ ಮೋಸ. ಟೈಪ್ 2 ಮಧುಮೇಹಿಗಳ ಸಾಂದ್ರತೆ ಸಹಜವಾಗಿಯೇ, ಕೆಲವೊಮ್ಮೆ ಸಹಜಕ್ಕಿಂತ ಹೆಚ್ಚಾಗಿಯೇ ಇರುತ್ತದೆ; ಆದರೂ ಅದೇ ಅಂಕಿಯ ಇತರರಿಗಿಂತ ಅವರ ಮೂಳೆ ಬೇಗ ಮುರಿಯುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಉಳಿದ ಸಕ್ಕರೆ ಕೊಲಾಜೆನ್ ನಾರಿಗೆ ಅಂಟಿಕೊಂಡು ಅದನ್ನು ಬಿರುಸಾಗಿಸುತ್ತದೆ. ಅದರ ಮೇಲೆ ಪಾದದ ಸ್ಪರ್ಶ ಮಂದವಾಗಿ, ಕಣ್ಣು ಮಂಜಾಗಿ, ಸಕ್ಕರೆ ಒಮ್ಮೆಲೆ ಇಳಿದು ತಲೆ ಸುತ್ತಿ ಬೀಳುವ ಸಂಭವವೂ ಜಾಸ್ತಿ. ಆಸ್ತಮಾ, ಸಂಧಿವಾತ, ಚರ್ಮರೋಗಗಳಿಗೆ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಗಳನ್ನು ಮೂರು ತಿಂಗಳಿಗಿಂತ ಹೆಚ್ಚು ನುಂಗುವವರಲ್ಲೂ ಹೀಗೆಯೇ. ಅವರ ಮೂಳೆಯ ಬಲ ಮೊದಲ ಆರು ತಿಂಗಳಲ್ಲೇ, ಅಂಕಿ ಇಳಿಯುವ ಮುಂಚೆಯೇ ಕುಸಿಯತೊಡಗುತ್ತದೆ.

ಕೆಲವು ಕೇಂದ್ರಗಳಲ್ಲಿ ಅದೇ ಬೆನ್ನಿನ ಡೆಕ್ಸಾ ಚಿತ್ರದಿಂದ ಟಿಬಿಎಸ್ ಎಂಬ ಇನ್ನೊಂದು ಅಂಕಿಯನ್ನು ಲೆಕ್ಕ ಹಾಕಿಕೊಡುತ್ತಾರೆ. ಜಾಲರಿಯ ಹೆಣಿಗೆ ಹೇಗಿದೆ ಎಂಬುದರ ಅಂದಾಜು ಅದು. ಸುಮಾರು 1.31ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ ಎಂದೂ 1.23ಕ್ಕಿಂತ ಕೆಳಗಿದ್ದರೆ ಕೆಟ್ಟಿದೆ ಎಂದೂ ಓದುವುದು ರೂಢಿ. ಸ್ಕ್ಯಾನ್ ಬುಕ್ ಮಾಡುವಾಗಲೇ "ನಿಮ್ಮಲ್ಲಿ ಟಿಬಿಎಸ್ ಇದೆಯೇ" ಎಂದು ಫೋನಿನಲ್ಲಿ ಕೇಳಿ. ಮಧುಮೇಹಿಗಳಿಗೆ ಇದರಿಂದ ವಿಶೇಷ ಉಪಯೋಗ.

ಮೂರನೆಯದಾಗಿ, ಒಂದು ಹಾಳೆಯಲ್ಲಿ ಇತಿಹಾಸ ಬರೆಯಿರಿ

ಒಂದು ಸಂಜೆ ಹಿರಿಯರ ಜೊತೆ ಕಾಫಿ ಕುಡಿಯುತ್ತಾ ಕುಳಿತು ಕೇಳಬೇಕಾದದ್ದು ಇದು. ನಲವತ್ತು ದಾಟಿದ ಮೇಲೆ ನಿಂತ ಎತ್ತರದಿಂದ ಬಿದ್ದು ಯಾವ ಮೂಳೆಯಾದರೂ ಮುರಿದಿದೆಯೇ? ತಂದೆಯೋ ತಾಯಿಯೋ ಸೊಂಟ ಮುರಿದುಕೊಂಡಿದ್ದರೇ? ಋತುಬಂಧ 45ಕ್ಕಿಂತ ಮುಂಚೆ ಆಯಿತೇ, ಇಲ್ಲವೇ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿದ್ದಾರೆಯೇ? ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ? ಕೊನೆಯ ಪ್ರಶ್ನೆಗೆ ಸತ್ಯವಾದ ಉತ್ತರ ಸುಲಭವಾಗಿ ಬರುವುದಿಲ್ಲ. "ಬೀಳಲಿಲ್ಲ ಕಣೋ, ಸ್ವಲ್ಪ ಹಾಗೇ ಕೂತುಬಿಟ್ಟೆ ಅಷ್ಟೆ" ಎಂದು ಚಿಕ್ಕಮ್ಮ ಹೇಳಿದ್ದ ಘಟನೆಗಳನ್ನು ಎಣಿಸಿದಾಗ ಮೂರಾದವು.

ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಅದೇ ಹಾಳೆಗೆ ಸೇರಿಸಿ. ಸ್ಟೀರಾಯ್ಡ್ ಅಲ್ಲದೆ, ಅಳತೆ ಮೀರಿದ ಥೈರಾಯ್ಡ್ ಮಾತ್ರೆ, ವರ್ಷಗಟ್ಟಲೆ ಬೆಳಗ್ಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ, ಸಕ್ಕರೆಗೆ ಕೊಡುವ ಪಯೊಗ್ಲಿಟಜೋನ್, ಫಿಟ್ಸಿಗೆ ಕೊಡುವ ಫೆನಿಟೋಯಿನ್, ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆ, ಇವೆಲ್ಲ ಮೂಳೆಗೆ ಸಂಬಂಧಪಟ್ಟವು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ತೋರಿಸಿ ಅಷ್ಟೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ಮಂಡಿ ನೋವಿನ ಪುಡಿ"ಯನ್ನೂ ಮುಚ್ಚಿಡದೆ ತೋರಿಸಿ, ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು.

ಆಮೇಲೆ ಎತ್ತರ. ಚಪ್ಪಲಿ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೊಂದು ಗಟ್ಟಿ ಪುಸ್ತಕವಿಟ್ಟು ಪೆನ್ಸಿಲಿನಿಂದ ಗೆರೆ ಹಾಕಿ ಟೇಪಿನಲ್ಲಿ ಅಳೆಯಿರಿ. ಹಳೆಯ ಪಾಸ್‌ಪೋರ್ಟ್ ಅರ್ಜಿಯಲ್ಲೋ ನೌಕರಿಗೆ ಸೇರುವಾಗಿನ ವೈದ್ಯಕೀಯ ಪ್ರಮಾಣಪತ್ರದಲ್ಲೋ ಇರುವ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನುಮೂಳೆಯ ಎಕ್ಸ್‌ರೇ ತೆಗೆಸುವಂತೆ ಕೇಳಿ. ಬೆನ್ನುಮೂಳೆಯ ಕುಸಿತಗಳಲ್ಲಿ ಬಹುಪಾಲು ಯಾರ ಗಮನಕ್ಕೂ ಬಾರದೆ ಆಗಿಹೋಗುತ್ತವೆ, ಅಂತಹ ಒಂದು ಕುಸಿತ ಸಿಕ್ಕಿದರೂ ಟಿ-ಸ್ಕೋರ್ ಏನೇ ಇರಲಿ ಅದು ಆಸ್ಟಿಯೊಪೊರೋಸಿಸ್ ಎಂದೇ ಲೆಕ್ಕ.

ಇಷ್ಟು ಕೈಯಲ್ಲಿದ್ದರೆ ಫ್ರಾಕ್ಸ್ ಲೆಕ್ಕ ಹತ್ತು ನಿಮಿಷದ ಕೆಲಸ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಈ ಸಾಧನ ಅಂತರ್ಜಾಲದಲ್ಲಿದ್ದು, ಭಾರತದ ಮಾದರಿಯನ್ನು ಆರಿಸಿಕೊಳ್ಳಬಹುದು. 40ರಿಂದ 90 ವರ್ಷದವರ ವಯಸ್ಸು, ತೂಕ, ಎತ್ತರ, ಹಿಂದಿನ ಮುರಿತ, ಹೆತ್ತವರ ಸೊಂಟದ ಮುರಿತ, ಸಿಗರೇಟು, ಮದ್ಯ, ಸ್ಟೀರಾಯ್ಡ್, ರುಮಟಾಯ್ಡ್ ಸಂಧಿವಾತ ಮುಂತಾದವನ್ನು ತುಂಬಿದರೆ, ಮುಂದಿನ ಹತ್ತು ವರ್ಷಗಳಲ್ಲಿ ಸೊಂಟ ಮುರಿಯುವ ಸಂಭವ ನೂರಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ ಆಸ್ಟಿಯೊಪೀನಿಯಾ ಇರುವವರಿಗೂ ಸೊಂಟದ ಅಂಕಿ ಶೇ 3 ಮುಟ್ಟಿದರೆ ಔಷಧಿ ಆರಂಭಿಸುವ ಮಾತಾಡುತ್ತಾರೆ. ನಮ್ಮ ವೈದ್ಯರು ಆ ಗೆರೆಯನ್ನು ತಮ್ಮ ಅನುಭವದ ಜೊತೆ ತೂಗಿ ನೋಡುತ್ತಾರೆ. ಫ್ರಾಕ್ಸ್ ಎಷ್ಟು ಸಲ ಬಿದ್ದಿರಿ ಎಂದು ಕೇಳುವುದಿಲ್ಲ, ಟೈಪ್ 2 ಮಧುಮೇಹಕ್ಕೂ ಅದರಲ್ಲಿ ಗುರುತು ಹಾಕುವ ಚೌಕವಿಲ್ಲ. ಹಾಗಾಗಿ ಮಧುಮೇಹಿಗಳಿಗೆ ಅದು ಅಪಾಯವನ್ನು ಕಡಿಮೆ ತೋರಿಸುತ್ತದೆ. ಅದನ್ನು ಸರಿದೂಗಿಸಲು ರುಮಟಾಯ್ಡ್ ಸಂಧಿವಾತದ ಚೌಕಕ್ಕೆ ಗುರುತು ಹಾಕಿ ನೋಡುವ ಉಪಾಯ ತಜ್ಞರಲ್ಲಿದೆ.

ರಕ್ತಪರೀಕ್ಷೆಗಳನ್ನು ವೈದ್ಯರೇ ಬರೆದುಕೊಡುತ್ತಾರೆ: ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್, ಬೇಕಿದ್ದರೆ ಪಿಟಿಎಚ್ ಎಂಬ ಹಾರ್ಮೋನಿನ ಮತ್ತು ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಪರೀಕ್ಷೆ. ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯಾ ಕೂಡ ಡೆಕ್ಸಾದಲ್ಲಿ ಆಸ್ಟಿಯೊಪೊರೋಸಿಸ್‌ನಂತೆಯೇ ಕಾಣುವುದರಿಂದ ಈ ಪರೀಕ್ಷೆಗಳನ್ನು ಬಿಡಬಾರದು.

ನಾಲ್ಕನೆಯದಾಗಿ, ರಾತ್ರಿ ಎರಡು ಗಂಟೆಯ ದಾರಿಯನ್ನು ನಡೆದು ನೋಡಿ

ಸೊಂಟದ ಮುರಿತಗಳಲ್ಲಿ ಶೇ 90ಕ್ಕೂ ಹೆಚ್ಚು ಆಗುವುದು ಬೀಳುವುದರಿಂದ, ಅದರಲ್ಲೂ ಪಕ್ಕಕ್ಕೆ ಬೀಳುವುದರಿಂದ. ಮೂಳೆಯ ಔಷಧಿ ಕೆಲಸ ಮಾಡಲು ತಿಂಗಳುಗಳು ಬೇಕು. ಮನೆಯನ್ನು ಒಂದು ಶನಿವಾರದಲ್ಲಿ ಸರಿಪಡಿಸಬಹುದು. ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ರಾತ್ರಿ ದೀಪ ಹಾಕದೆ ಅವರ ಮಂಚದಿಂದ ಬಚ್ಚಲಿಗೆ ನಡೆದು ನೋಡಿದೆ. ಹದಿನಾರು ಹೆಜ್ಜೆ, ಎರಡು ಹೊಸ್ತಿಲು, ಅಂಚು ಮಡಚಿದ ಒಂದು ಕಾಲೊರಸು, ಮತ್ತು ಬಚ್ಚಲ ದೀಪದ ಸ್ವಿಚ್ಚು ಬಾಗಿಲಿನಿಂದ ಎರಡು ಮಾರು ದೂರದ ಗೋಡೆಯಲ್ಲಿ. ಕಮೋಡಿನಿಂದ ಏಳುವಾಗ ಅವರು ಹಿಡಿದುಕೊಳ್ಳುತ್ತಿದ್ದದ್ದು ಟವೆಲ್ ರಾಡನ್ನು. ನಾನು ತುಸು ಜೋರಾಗಿ ಎಳೆದದ್ದಕ್ಕೆ ಅದು ಎರಡು ಸಣ್ಣ ಸ್ಕ್ರೂಗಳ ಸಮೇತ ಕೈಗೆ ಬಂತು. ಟೈಲ್ಸಿನ ತೂತಿನೊಳಗೆ ಒಂದು ಬೆಂಕಿಕಡ್ಡಿಯ ಚೂರು ತುರುಕಿತ್ತು.

ಹಿಡಿಕಂಬಿಯನ್ನು ಹಾಕಿಸುವಾಗ ಗೋಡೆಯ ಇಟ್ಟಿಗೆಯವರೆಗೆ ಹೋಗುವ ಆಂಕರ್ ಬೋಲ್ಟ್ ಹಾಕಿಸಿ, ಹಾಕಿದವರ ಎದುರಿಗೇ ನೀವು ಅದಕ್ಕೆ ಜೋತುಬಿದ್ದು ನೋಡಿ. ಕಮೋಡಿನ ಪಕ್ಕ ಒಂದು, ಸ್ನಾನ ಮಾಡುವ ಕಡೆ ಒಂದು ಇರಲಿ. ಜಾರುವ ಪ್ಲಾಸ್ಟಿಕ್ ಸ್ಟೂಲಿನ ಬದಲು ರಬ್ಬರ್ ಕಾಲಿನ ಭಾರವಾದ ಕುರ್ಚಿ, ನೆಲದ ಬಕೆಟ್ಟಿಗೆ ಬಗ್ಗುವ ಬದಲು ಬಕೆಟ್ಟನ್ನೇ ಮೊಣಕಾಲೆತ್ತರಕ್ಕೆ ಏರಿಸುವ ಏರ್ಪಾಡು ಸಾಕು. ಮಂಚದಿಂದ ಬಚ್ಚಲವರೆಗೆ ತಾನಾಗಿ ಹೊತ್ತಿಕೊಳ್ಳುವ ಸಣ್ಣ ದೀಪಗಳನ್ನು ಹಾಕಿ, ಕಾಲೊರಸುಗಳನ್ನು ಎತ್ತಿಬಿಡಿ. ಎಣ್ಣೆ ಸ್ನಾನದ ದಿನ ಬಚ್ಚಲ ನೆಲವನ್ನು ಸೀಗೆಪುಡಿಯಿಂದಲೋ ಸೋಪಿನಿಂದಲೋ ಉಜ್ಜುವವರೆಗೆ ಹಿರಿಯರು ಅಲ್ಲಿ ಕಾಲಿಡಬಾರದು.

ನಮ್ಮೂರಿಗೇ ಸೇರಿದ ಕೆಲವು ಅಪಾಯಗಳಿವೆ. ಕಾವೇರಿ ನೀರು ಬರುವ ದಿನ ಬೆಳಗಿನ ಜಾವ ಕತ್ತಲಲ್ಲೇ ಎದ್ದು ಸಂಪಿನ ಮುಚ್ಚಳ ಸರಿಸಿ ಮೋಟಾರ್ ಹಾಕುವ ಕೆಲಸವನ್ನು ಮನೆಯ ಹಿರಿಯರೇ ವಹಿಸಿಕೊಂಡಿರುತ್ತಾರೆ. ಅದನ್ನು ಅವರಿಂದ ಬಿಡಿಸಿ, ಇಲ್ಲವೇ ಆಟೊಮ್ಯಾಟಿಕ್ ಸ್ವಿಚ್ ಹಾಕಿಸಿ. ಬಟ್ಟೆ ಒಣಗಿಸಲು ತಾರಸಿಗೆ ಹತ್ತುವುದು, ಅಲುಗಾಡುವ ಫುಟ್‌ಪಾತ್ ಚಪ್ಪಡಿ, ಸವೆದ ಹವಾಯಿ ಚಪ್ಪಲಿ, ನೆಲಕ್ಕೆ ಎಳೆಯುವ ನೈಟಿ ಮತ್ತು ಪಂಚೆ, ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ. ಬೀಳಲು ದೇಹದೊಳಗಿನ ಕಾರಣಗಳನ್ನೂ ಹುಡುಕಬೇಕು. ಬಿ.ಪಿ.ಯನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಮಾತ್ರೆಗಳನ್ನು ವೈದ್ಯರು ಮತ್ತೆ ಹೊಂದಿಸಬೇಕಾಗುತ್ತದೆ. ನಿದ್ದೆಯ ಮಾತ್ರೆ ಬೇಕೇ ಬೇಕೇ ಎಂದು ಎರಡು ಸಲ ಕೇಳಿ. ಕಣ್ಣಿನ ಪೊರೆಯ ಆಪರೇಷನ್ನನ್ನು "ಮುಂದಿನ ವರ್ಷ ನೋಡೋಣ" ಎಂದು ತಳ್ಳಬೇಡಿ.

ಐದನೆಯದಾಗಿ, ವ್ಯಾಯಾಮ ಮತ್ತು ಊಟ

ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಲು ಹಿರಿಯರಿಗೆ ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಫಿಸಿಯೊಥೆರಪಿಸ್ಟ್ ಬಳಿ ಹೋಗುವುದಕ್ಕೆ ಅಷ್ಟು ಕಾರಣ ಸಾಕು. ಲಾಲ್‌ಬಾಗಿನಲ್ಲಿ ದಿನವೂ ಒಂದು ಸುತ್ತು ನಡೆಯುವುದು ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು, ಆದರೆ ಮೂಳೆಗೂ ಸಮತೋಲನಕ್ಕೂ ಅಷ್ಟೇ ಸಾಲದು. ಕೈಯಾಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ಗೆರೆಯ ಮೇಲೆ ನಡೆಯುವುದು, ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವುದು, ಇವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು. ಬೆನ್ನುಮೂಳೆ ಟೊಳ್ಳಾಗಿರುವವರು ಪಾರ್ಕಿನ ಯೋಗ ತರಗತಿಯಲ್ಲಿ ಪಶ್ಚಿಮೋತ್ತಾನಾಸನ, ಹಲಾಸನದಂತಹ ಬೆನ್ನು ಬಲವಾಗಿ ಮುಂದಕ್ಕೆ ಬಗ್ಗಿಸುವ ಆಸನಗಳನ್ನು ಬಿಡಬೇಕು. ಗುರುಗಳು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಕ್ಯಾಲ್ಸಿಯಂ ದಿನಕ್ಕೆ 1000 ಮಿ.ಗ್ರಾಂ, ಋತುಬಂಧವಾದವರಿಗೆ 1200 ಮಿ.ಗ್ರಾಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಹೇಳುತ್ತದೆ. ಮೊದಲು ಊಟದಲ್ಲಿ ಎಷ್ಟು ಸಿಗುತ್ತಿದೆ ಎಂದು ಲೆಕ್ಕ ಹಾಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇರುತ್ತದೆ, ಅಂದರೆ 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ ಸುಮಾರು 280. ಒಂದು ಲೋಟ ಹಾಲಿಗೆ 240, ಒಂದು ಬಟ್ಟಲು ಮೊಸರಿಗೆ 200, ಒಂದು ದೊಡ್ಡ ಚಮಚ ಎಳ್ಳುಪುಡಿಗೆ 100ಕ್ಕೂ ಹೆಚ್ಚು. ದಂಟಿನ ಸೊಪ್ಪಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ಇದ್ದ ದಿನ ಇನ್ನಷ್ಟು. ರಾಗಿಯಲ್ಲಿರುವುದೆಲ್ಲವೂ ಮೈಗೆ ಹತ್ತುವುದಿಲ್ಲ, ನಿಜ. ಆದರೂ ಹೀಗೆ ಉಣ್ಣುವವರಿಗೆ ಕೊರತೆ ತುಂಬಲು 500ರ ಒಂದು ಮಾತ್ರೆ ಸಾಕಾಗುತ್ತದೆ, ಎರಡು ಬೇಕಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆಗೆ ನುಂಗಬೇಕು. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ರಾತ್ರಿ ಬರೀ ಮೊಸರನ್ನ ಉಂಡು ಮಲಗುವ ಹಿರಿಯರಿಗೆ ಪ್ರೋಟೀನ್ ಸಾಲುವುದಿಲ್ಲ. ಬೇಳೆ, ಹುರುಳಿ, ಮೊಟ್ಟೆ, ಪನ್ನೀರು, ಯಾವುದು ಒಗ್ಗುತ್ತದೋ ಅದು ಇರಲಿ.

ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದ್ದು ವರ್ಷವಿಡೀ ಬಿಸಿಲಿದೆ. ಆದರೆ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ತಯಾರಾಗುವ ಕಿರಣ ಬಹಳ ಕಡಿಮೆ, ಗಾಜಿನ ಕಿಟಕಿಯೊಳಗೆ ಬರುವ ಬಿಸಿಲಿನಲ್ಲಂತೂ ಇಲ್ಲವೇ ಇಲ್ಲ. ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಬೇಕು. ಕೊರತೆ ಇರುವವರಿಗೆ 60,000 ಯೂನಿಟ್ಟಿನ ಪುಡಿಯನ್ನೋ ಕ್ಯಾಪ್ಸೂಲನ್ನೋ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಕೊಡುವುದು ರೂಢಿ. ಚೀಟಿ ಕಳೆದುಹೋಗಿ ವಾರಕ್ಕೊಂದನ್ನೇ ಎರಡು ವರ್ಷ ನುಂಗಿದವರನ್ನು ನಾನು ಬಲ್ಲೆ. ಹೆಚ್ಚಾದಷ್ಟೂ ಒಳ್ಳೆಯದೆಂಬುದು ತಪ್ಪು: ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಳುವುದೂ ಮುರಿಯುವುದೂ ಎರಡೂ ಹೆಚ್ಚಾದವು.

ಆರನೆಯದಾಗಿ, ಔಷಧಿಯ ಬಗ್ಗೆ ಕೇಳಬೇಕಾದದ್ದು

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಆಸ್ಟಿಯೊಪೊರೋಸಿಸ್‌ನ ಔಷಧಿಗಳಲ್ಲ, ಔಷಧಿ ಕೆಲಸ ಮಾಡಲು ಬೇಕಾದ ಸಾಮಗ್ರಿ. ಸೊಂಟದ ಮುರಿತವನ್ನು ತಡೆಯುತ್ತವೆ ಎಂದು ಪ್ರಯೋಗಗಳಲ್ಲಿ ಕಂಡವು ಅಲೆಂಡ್ರೊನೇಟ್, ರೈಸೆಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ಮತ್ತು ಡೆನೊಸುಮ್ಯಾಬ್. ತಿಂಗಳಿಗೊಮ್ಮೆ ನುಂಗುವ ಐಬ್ಯಾಂಡ್ರೊನೇಟ್ ಅನುಕೂಲವೆಂದು ಬಹಳ ಜನ ಕೇಳುತ್ತಾರೆ, ಆದರೆ ಸೊಂಟದ ವಿಷಯದಲ್ಲಿ ಅದಕ್ಕೆ ಅಂತಹ ಆಧಾರ ಇಲ್ಲ.

ವಾರಕ್ಕೊಮ್ಮೆ 70 ಮಿ.ಗ್ರಾಂ ಅಲೆಂಡ್ರೊನೇಟ್ ನುಂಗುವವರು ಬರೀ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಬೆಂಗಳೂರಿನವರಿಗೆ ಇಲ್ಲಿ ಕಷ್ಟವಾಗುವುದು ಫಿಲ್ಟರ್ ಕಾಫಿ. ಮಾತ್ರೆಯ ಜೊತೆಗೆ ಕಾಫಿ ಕುಡಿದರೆ ಮೊದಲೇ ಅಲ್ಪವಾಗಿ ಹೀರಿಕೊಳ್ಳುವ ಔಷಧಿಯಲ್ಲಿ ಶೇ 60ರಷ್ಟು ವ್ಯರ್ಥವಾಗುತ್ತದೆ. ವಾರದಲ್ಲಿ ಒಂದು ದಿನ ಕಾಫಿ ಅರ್ಧ ಗಂಟೆ ತಡವಾಗಲೇಬೇಕು. ಇದು ಆಗದವರಿಗೆ, ಎದೆಯುರಿ ಇರುವವರಿಗೆ ವರ್ಷಕ್ಕೊಮ್ಮೆ 5 ಮಿ.ಗ್ರಾಂ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಇದೆ. 2007ರ ದೊಡ್ಡ ಪ್ರಯೋಗವೊಂದರಲ್ಲಿ ಅದು ಸೊಂಟದ ಮುರಿತವನ್ನು ಶೇ 41ರಷ್ಟು ತಗ್ಗಿಸಿತು. ಹಾಕಿದ ಮರುದಿನ ಜ್ವರ, ಮೈಕೈ ನೋವು ಬರಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದು ಆಗದು, ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಬೇಕು. ದವಡೆಯ ಮೂಳೆ ಕೊಳೆಯುವುದು, ತೊಡೆಮೂಳೆಯ ನಡುಭಾಗ ತಾನಾಗಿ ಬಿರುಕು ಬಿಡುವುದು ಎಂಬ ಅಡ್ಡಪರಿಣಾಮಗಳು ಅಪರೂಪ. ಆದರೆ ವರ್ಷಗಟ್ಟಲೆ ಈ ಔಷಧಿ ಪಡೆಯುತ್ತಿರುವವರಿಗೆ ತೊಡೆಯಲ್ಲಿ ಹೊಸ ನೋವು ಬಂದರೆ ತಡ ಮಾಡದೆ ಎಕ್ಸ್‌ರೇ ತೆಗೆಸಬೇಕು. ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷವಾದಾಗ ಬಿಡುವು ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ 60 ಮಿ.ಗ್ರಾಂ ಡೆನೊಸುಮ್ಯಾಬ್ ವಿಷಯದಲ್ಲಿ ಬಿಡುವಿನ ಮಾತೇ ಇಲ್ಲ. ಅದನ್ನು ಹಠಾತ್ತನೆ ನಿಲ್ಲಿಸಿದರೆ, ಅಥವಾ ಮರೆತು ಕೆಲವು ತಿಂಗಳು ದಾಟಿಸಿದರೆ, ತಡೆಹಿಡಿದಿದ್ದ ಅಗೆತ ಒಮ್ಮೆಲೆ ನುಗ್ಗಿ ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿಯಬಹುದು. ನಿಲ್ಲಿಸುವುದೇ ಆದರೆ ಬೇರೆ ಔಷಧಿಯನ್ನು ಅದರ ಜಾಗಕ್ಕೆ ತಂದೇ ನಿಲ್ಲಿಸಬೇಕು. ಅಪಾಯ ತೀರಾ ಹೆಚ್ಚಿರುವವರಿಗೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಚುಚ್ಚುಮದ್ದನ್ನು ದಿನವೂ, ಹೆಚ್ಚೆಂದರೆ ಎರಡು ವರ್ಷ ಕೊಡುತ್ತಾರೆ. ಅದರ ನಂತರವೂ ಇನ್ನೊಂದು ಔಷಧಿ ಬೇಕೇ ಬೇಕು.

ಬಿದ್ದುಬಿಟ್ಟರೆ

ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಲು ಹೋಗಬೇಡಿ, ನೀವಬೇಡಿ. ಬಿದ್ದಲ್ಲೇ ದಿಂಬು ಕೊಟ್ಟು, ಹೊದಿಸಿ, 108ಕ್ಕೆ ಕರೆ ಮಾಡಿ. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸಂಶಯವೇ ಇಲ್ಲ. ಆದರೆ ಮುರಿದ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಕೆಲವರು ಕುಂಟುತ್ತಾ ನಡೆಯುತ್ತಾರೆ, ಮೊದಲ ಎಕ್ಸ್‌ರೇಯಲ್ಲೂ ಕಾಣದೆ ಇರಬಹುದು. ತೊಡೆಸಂದಿನ ನೋವು ಹೋಗದಿದ್ದರೆ ಎಂಆರ್‌ಐ ಮಾಡಿಸುವಂತೆ ಒತ್ತಾಯಿಸಿ. ಆಸ್ಪತ್ರೆಗೆ ಹೊರಟಾಗ ಮೂರನೆಯ ಹೆಜ್ಜೆಯ ಹಾಳೆಯನ್ನು ಒಯ್ಯಿರಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲು ಹೇಳಿ. ಜಯನಗರದ ಕಡೆಯ ಸಂಜಯ ಗಾಂಧಿ ಟ್ರಾಮಾ ಮತ್ತು ಆರ್ಥೊಪೀಡಿಕ್ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ.

ಚಿಕ್ಕಮ್ಮ ಬಿದ್ದ ದಿನ ಬಂಧುಗಳಲ್ಲಿ ಒಬ್ಬರು ಪುತ್ತೂರು ಕಟ್ಟು ಕಟ್ಟಿಸೋಣ ಎಂದರು. ಬೆರಳು, ಮಣಿಕಟ್ಟಿನ ಮಾತು ಬೇರೆ ಇರಬಹುದು. ಸೊಂಟದ ಮುರಿತಕ್ಕೆ ಹೊರಗಿನಿಂದ ಕಟ್ಟು ಹಾಕಲು ಬರುವುದಿಲ್ಲ. ಕಟ್ಟಿ ಮಲಗಿಸಿದ ವಾರಗಳಲ್ಲಿ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದ ಹೆಪ್ಪು, ಇವೇ ಜೀವ ತೆಗೆಯುತ್ತವೆ. "ವಯಸ್ಸಾಗಿದೆ, ಆಪರೇಷನ್ ಬೇಡ" ಎಂಬ ಮಾತೂ ಅಷ್ಟೇ ತಪ್ಪು. ವಯಸ್ಸಾಗಿರುವುದರಿಂದಲೇ ಆಪರೇಷನ್ ಬೇಗ ಆಗಬೇಕು, ಸಾಧ್ಯವಾದರೆ 48 ಗಂಟೆಯೊಳಗೆ. ಕತ್ತು ಮುರಿದು ಜಾರಿದ್ದರೆ ಸಾಮಾನ್ಯವಾಗಿ ಗುಂಡನ್ನು ಬದಲಿಸುತ್ತಾರೆ, ಕೆಳಗೆ ಮುರಿದಿದ್ದರೆ ರಾಡು ಅಥವಾ ಸ್ಕ್ರೂ ಹಾಕುತ್ತಾರೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಲು ಬಂದರೆ ಅಯ್ಯೋ ಪಾಪ ಎಂದು ತಡೆಯಬೇಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆ, ಡ್ರೆಸ್ಸಿಂಗ್ ದಿನಾಂಕ, ಹೊಲಿಗೆ ತೆಗೆಯುವ ದಿನ ಎಲ್ಲವೂ ಇರುತ್ತದೆ. ಮೂಳೆ ಟೊಳ್ಳಾಗಿರುವುದಕ್ಕೆ ಔಷಧಿ ಮಾತ್ರ ಅನೇಕ ಸಲ ಇರುವುದಿಲ್ಲ. ಆಪರೇಷನ್ ಮಾಡಿದವರು ಮುರಿದದ್ದನ್ನು ಕೂಡಿಸಿ ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಇನ್ನೊಂದು ಮೂಳೆ ಮುರಿಯುವ ಅಪಾಯ ಮೊದಲ ಒಂದೆರಡು ವರ್ಷಗಳಲ್ಲೇ ಅತಿ ಹೆಚ್ಚು. ಆದ್ದರಿಂದ ವಾರ್ಡ್ ಬಿಡುವ ಮೊದಲು "ಮೂಳೆಯ ಔಷಧಿ ಯಾವುದು, ಯಾವ ದಿನ ಶುರು, ಅದನ್ನು ನೋಡಿಕೊಳ್ಳುವವರು ಯಾರು" ಎಂದು ಕೇಳಿ ಬರೆಸಿಕೊಳ್ಳಿ. ಚಿಕ್ಕಮ್ಮನಿಗೆ ವಿಟಮಿನ್ ಡಿ ಸರಿಪಡಿಸಿ, ಆಪರೇಷನ್ ಆಗಿ ಆರನೆಯ ವಾರದಲ್ಲಿ ಜೊಲೆಡ್ರೊನಿಕ್ ಆಸಿಡ್ ಹಾಕಿದರು. ಈಗ ಕೋಲು ಹಿಡಿದು ಓಡಾಡುತ್ತಾರೆ. ರಂಗೋಲಿಯನ್ನು ಎದುರು ಮನೆಯ ಹುಡುಗಿ ಬಿಡುತ್ತಾಳೆ; ಇವರು ಒಣಗಿದ ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು, ಚುಕ್ಕಿ ತಪ್ಪಿತು ಎಂದು ಕೂಗಿ ಹೇಳುತ್ತಿರುತ್ತಾರೆ.